ತಾಯಿಯ ಕಡೆಯ ಸಾಕ್ಷಿ

1987ರ ಜನವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಪ್ರಬಂಧದ ಹಿಂದೆ ಇದ್ದದ್ದು ರಾಶಿ ಮಾಸು. ಹೆರಿಗೆಯಾದ ಮೇಲೆ ಬಿಸಾಡುವ ಈ ಮಾಸನ್ನು ಆಸ್ಪತ್ರೆಗಳಿಂದ ಕೇಳಿ ತಂದು, ಹೆಪ್ಪುಗಟ್ಟಿಸಿಟ್ಟು, ಅರೆದು, ಯಂತ್ರದಲ್ಲಿ ಗಿರ್ರನೆ ತಿರುಗಿಸಿ ಜೀವಕೋಶದೊಳಗಿನ ಮೈಟೊಕಾಂಡ್ರಿಯಗಳನ್ನು ಬೇರ್ಪಡಿಸಿದವರು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರೆಬೆಕಾ ಕ್ಯಾನ್, ಮಾರ್ಕ್ ಸ್ಟೋನ್‌ಕಿಂಗ್ ಮತ್ತು ಆಲನ್ ವಿಲ್ಸನ್. ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವ ಅವುಗಳ ಡಿಎನ್‌ಎಯನ್ನು 12 ಕಿಣ್ವಗಳಿಂದ ಕತ್ತರಿಸಿ, ತುಣುಕುಗಳ ಉದ್ದ ಹೋಲಿಸಿದಾಗ 147 ಜನರಲ್ಲಿ 133 ನಮೂನೆ ಸಿಕ್ಕವು. ಅವನ್ನೆಲ್ಲ ವಂಶವೃಕ್ಷವಾಗಿ ಜೋಡಿಸಿದರೆ ಬೇರು ಹೋಗಿ ನಿಂತದ್ದು ಆಫ್ರಿಕಾದಲ್ಲಿ, ಸುಮಾರು 2 ಲಕ್ಷ ವರ್ಷ ಹಿಂದೆ ಬದುಕಿದ್ದ ಒಬ್ಬ ಹೆಂಗಸಿನ ಬಳಿ. ಪತ್ರಿಕೆಗಳು ಅವಳನ್ನು ‘ಈವ್’ ಎಂದು ಕರೆದವು. ಆ ಹೆಸರಿನಿಂದ ಆದ ಗೊಂದಲ ಇನ್ನೂ ಪೂರ್ತಿ ಹೋಗಿಲ್ಲ. ಆಗ ಅವಳೊಬ್ಬಳೇ ಇದ್ದಳೆಂದಲ್ಲ. ಉಳಿದವರ ಹೆಣ್ಣುಸಾಲು ಎಲ್ಲೋ ಒಂದು ಕಡೆ ಮಗಳಿಲ್ಲದೆ ನಿಂತುಹೋಯಿತು, ಅಷ್ಟೆ.

ಕರಾವಳಿಯ ಅಳಿಯಸಂತಾನ ಕಟ್ಟು ಗೊತ್ತಿದ್ದವರಿಗೆ ಇದು ಸುಲಭ. ಅಲ್ಲಿ ಗಂಡುಮಗನಿಗೂ ತಾಯಿಯ ಬಳಿಯೇ, ಅಂದರೆ ತಾಯಿಯ ಕುಲವೇ; ಆದರೆ ಅವನ ಮಕ್ಕಳು ಹೆಂಡತಿಯ ಬಳಿಗೆ ಸೇರುತ್ತಾರೆ. ಮೈಟೊಕಾಂಡ್ರಿಯದ ಡಿಎನ್‌ಎ ಸಾಗುವುದೂ ಹೀಗೆಯೇ. ಇದು ಬರೀ 16,569 ಅಕ್ಷರಜೋಡಿಗಳ ಪುಟ್ಟ ಉಂಗುರ. ತಂದೆಯದರ ಜೊತೆ ಕಲಸಿಹೋಗುವುದಿಲ್ಲ, ಹಾಗಾಗಿ ತಲೆಮಾರುಗಳಲ್ಲಿ ಬಿದ್ದ ತಪ್ಪಕ್ಷರಗಳು ಒಂದರ ಮೇಲೊಂದು ಸೇರುತ್ತ ಹೋಗುತ್ತವೆ. ಒಂದೊಂದು ಜೀವಕೋಶದಲ್ಲೂ ನೂರಾರು ಪ್ರತಿಗಳಿರುವುದರಿಂದ ಹಳೆಯ ಮೂಳೆಯಲ್ಲೂ ಚೂರುಪಾರು ಉಳಿದಿರುತ್ತದೆ. 1981ರಲ್ಲೇ ಕೇಂಬ್ರಿಜ್‌ನ ತಂಡ ಈ ಉಂಗುರವನ್ನು ಪೂರ್ತಿ ಓದಿ ಮುಗಿಸಿತ್ತು.

ಬರ್ಕ್ಲಿ ಪ್ರಬಂಧದ ಮೇಲೆ ಬಂದ ಆಕ್ಷೇಪಗಳು ಹುರುಳಿಲ್ಲದವೇನಲ್ಲ. ‘ಆಫ್ರಿಕನ್ನರು’ ಎಂದು ಲೆಕ್ಕಕ್ಕೆ ಹಿಡಿದ 20 ಜನರಲ್ಲಿ 18 ಮಂದಿ ಅಮೆರಿಕದ ಕಪ್ಪುಜನ. ಆಫ್ರಿಕಾದಿಂದಲೇ ಮಾದರಿ ತರಿಸಿ 1991ರಲ್ಲಿ ಅದೇ ಬಳಗ ಇನ್ನೊಂದು ಪ್ರಬಂಧ ಪ್ರಕಟಿಸಿತು. ಮರುವರ್ಷವೇ ಆಲನ್ ಟೆಂಪಲ್‌ಟನ್ ಮೊದಲಾದವರು, ಆ ಮಾಹಿತಿಯಿಂದಲೇ ಬೇರು ಬೇರೆಡೆ ಇರುವ ಮರಗಳನ್ನೂ ಕಟ್ಟಬಹುದೆಂದು ತೋರಿಸಿದರು. ಜಗಳ ತಣ್ಣಗಾದದ್ದು 2000ದಲ್ಲಿ. ಸ್ವೀಡನ್ನಿನ ಉಪ್ಸಲಾದ ತಂಡ 53 ಜನರ ಉಂಗುರವನ್ನು ಇಡಿಯಾಗಿ ಓದಿತು. ಬೇರು ಆಫ್ರಿಕಾದಲ್ಲೇ ಉಳಿಯಿತು.

ಅಷ್ಟರಲ್ಲಿ ಕವಲುಗಳಿಗೆ ಅಕ್ಷರದ ಹೆಸರಿಡುವ ರೂಢಿ ಬೆಳೆದಿತ್ತು. ಅಮೆರಿಕದ ಮೂಲನಿವಾಸಿಗಳಲ್ಲಿ ಎ, ಬಿ, ಸಿ, ಡಿ. ಆಫ್ರಿಕಾದ ಎಲ್3 ಕವಲಿನಿಂದ ಒಡೆದ ಎಂ ಮತ್ತು ಎನ್ ಉಳಿದ ಲೋಕಕ್ಕೆಲ್ಲ.

ಈ ವಿದ್ಯೆ ಅತಿಯಾಗಿ ಮಾತಾಡಿದ್ದು ಅಳಿದುಹೋದ ನಿಯಾಂಡರ್ತಾಲ್ ಮಾನವರ ವಿಷಯದಲ್ಲಿ. 1997ರಲ್ಲಿ ಸ್ವಾಂಟೆ ಪಾಬೊ ಅವರ ಬಳಗ ಜರ್ಮನಿಯ ನಿಯಾಂಡರ್ ಕಣಿವೆಯ ಮೂಳೆಯಿಂದ ಮೈಟೊಕಾಂಡ್ರಿಯದ ಡಿಎನ್‌ಎ ತೆಗೆದಾಗ, ಅದು ಇಂದಿನ ಯಾರ ಸಾಲಿಗೂ ಸೇರಲಿಲ್ಲ. ನಮಗೂ ಅವರಿಗೂ ಬೆರಕೆ ಆಗಲಿಲ್ಲ ಎಂದು ಬಹಳ ಜನ ಷರಾ ಬರೆದುಬಿಟ್ಟರು. 2010ರಲ್ಲಿ ಅದೇ ಪಾಬೊ ಬಳಗ ಕೋಶಕೇಂದ್ರದ ಡಿಎನ್‌ಎ ಓದಿದಾಗ ಬೆರಕೆ ಆಗಿದ್ದು ಖಚಿತವಾಯಿತು: ಆಫ್ರಿಕಾದಾಚೆಯ ಎಲ್ಲರಲ್ಲೂ ಅವರ ಪಾಲು ಸ್ವಲ್ಪ ಇದೆ. ಅದೇ ವರ್ಷ ಸೈಬೀರಿಯಾದ ಡೆನಿಸೋವಾ ಗುಹೆಯ ಬೆರಳಮೂಳೆಯೂ ಇದೇ ಪಾಠ ಹೇಳಿತು. ಮೈಟೊಕಾಂಡ್ರಿಯದ ಪ್ರಕಾರ ಆ ಜೀವ ನಮಗೂ ನಿಯಾಂಡರ್ತಾಲರಿಗೂ ದೂರದ ನೆಂಟ. ಇಡೀ ಜೀನೋಮಿನ ಪ್ರಕಾರ ನಿಯಾಂಡರ್ತಾಲರ ದಾಯಾದಿ.

ಭಾರತದ ಕಥೆಯಲ್ಲೂ ಇಂಥದೇ ತಿರುವಿದೆ. ಇಲ್ಲಿನ ಅರ್ಧಕ್ಕೂ ಹೆಚ್ಚು ತಾಯಿಸಾಲುಗಳು ಎಂ ಕವಲಿನವು. ಇಲ್ಲಿಯ ಯು2 ಕವಲು ಕೂಡ ಪಶ್ಚಿಮದ ಯು2ನಿಂದ ಬಹಳ ಹಿಂದೆಯೇ ಬೇರೆಯಾದದ್ದೆಂದು 1999ರಲ್ಲಿ ಎಸ್ಟೋನಿಯಾದ ತೂಮಸ್ ಕಿವಿಸಿಲ್ಡ್ ಮತ್ತು ಸಂಗಡಿಗರು ತೋರಿಸಿದರು. 2005ರಲ್ಲಿ ಹೈದರಾಬಾದಿನ ಸಿಸಿಎಂಬಿ ಸಂಶೋಧನಾಲಯದ ತಂಗರಾಜ್, ಲಾಲ್ಜಿ ಸಿಂಗ್ ಮತ್ತಿತರರು ಅಂಡಮಾನಿನ ಓಂಗೆ ಮತ್ತು ಗ್ರೇಟ್ ಅಂಡಮಾನಿಗಳಲ್ಲಿ ಎಂ31, ಎಂ32 ಎಂಬ ಬಹು ಹಳೆಯ ಕವಲುಗಳನ್ನು ಗುರುತಿಸಿದರು. ಇದನ್ನೆಲ್ಲ ಹಿಡಿದು ‘ಹೊರಗಿನಿಂದ ಯಾರೂ ಬರಲೇ ಇಲ್ಲ’ ಎಂದು ಭಾಷಣ ಬಿಗಿದವರುಂಟು. ತಾಯಿಸಾಲು ಅಷ್ಟು ಹೇಳುವುದಿಲ್ಲ. ಬಂದವರಲ್ಲಿ ಗಂಡಸರೇ ಹೆಚ್ಚಿದ್ದರೆ ಅದರಲ್ಲಿ ಗುರುತು ಉಳಿಯುವುದು ತೀರ ಕಡಿಮೆ. ಗಂಡುಸಾಲಿನ ವೈ ಕ್ರೋಮೊಸೋಮನ್ನೂ ಜೊತೆಗಿಟ್ಟು ನೋಡಿದ 2017ರ ಅಧ್ಯಯನ ಇದನ್ನೇ ಹೇಳಿತು. ಯುರೇಷಿಯಾದ ಹುಲ್ಲುಗಾವಲು ಸೀಮೆಯಿಂದ ಜನ ಬಂದದ್ದನ್ನು 2019ರಲ್ಲಿ ಪ್ರಾಚೀನ ಡಿಎನ್‌ಎ ಗಟ್ಟಿಮಾಡಿತು. ಅದೇ ವರ್ಷ ಸಿಂಧೂ ನಾಗರಿಕತೆಯ ನೆಲೆಯಾದ ರಾಖಿಗಢಿಯ ಸಮಾಧಿಗಳಿಂದ ಡಿಎನ್‌ಎ ದಕ್ಕಿದ್ದು ಒಬ್ಬಳೇ ಹೆಂಗಸಿನದು. ಅವಳ ತಾಯಿಸಾಲು ಯು2ಬಿ2. ಆದರೆ ಅವಳಲ್ಲಿ ಹುಲ್ಲುಗಾವಲಿನ ಪಾಲು ಕಾಣಲಿಲ್ಲ ಎಂಬುದನ್ನು ಹೇಳಿದ್ದು ಜೀನೋಮು.

ನಮ್ಮ ಉತ್ತರ ಕನ್ನಡದ ಸಿದ್ದಿಗಳ ಬಗ್ಗೆ 2011ರಲ್ಲಿ ಬಂದ ಅಧ್ಯಯನ ನನಗೆ ಮೆಚ್ಚುಗೆಯಾಗುವುದು ತಾಯಿಸಾಲೊಂದನ್ನೇ ನೆಚ್ಚದ ಕಾರಣಕ್ಕೆ. ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳ ತಾಯಿಸಾಲು, ತಂದೆಸಾಲು, ಇಡೀ ಜೀನೋಮಿನ ಗುರುತುಗಳು, ಮೂರನ್ನೂ ಅದು ಒಟ್ಟಿಗೆ ನೋಡಿತು. ಆಫ್ರಿಕಾದ ಬಂಟು ಭಾಷಿಕರ ನೆಂಟಸ್ತನವೂ, ಸುಮಾರು 200 ವರ್ಷಗಳಿಂದೀಚೆಗೆ ಅಕ್ಕಪಕ್ಕದವರ ಜೊತೆ ಆದ ಬೆರಕೆಯೂ ಅದರಿಂದ ತಿಳಿದವು.

ಈಗ ಎಂಜಲು ತುಂಬಿದ ಕೊಳವೆ ಕಳಿಸಿದರೆ ಮೂಲ ಹೇಳುವ ಕಂಪನಿಗಳಿವೆ. ವರದಿಯಲ್ಲಿ ‘ನಿಮ್ಮ ತಾಯಿಸಾಲು ಎಂ2’ ಎಂದು ಬಂದರೆ ಹಿಗ್ಗಬೇಡಿ, ಕುಗ್ಗಲೂಬೇಡಿ. ಹತ್ತು ತಲೆಮಾರು ಹಿಂದಕ್ಕೆ ಎಣಿಸಿದರೆ ನಿಮ್ಮ ವಂಶವೃಕ್ಷದಲ್ಲಿ 1,024 ಸ್ಥಾನಗಳಿವೆ. ಆ ಕಾಗದ ಅವುಗಳಲ್ಲಿ ಒಂದರ ಸುದ್ದಿಯನ್ನು ಮಾತ್ರ ಹೇಳುತ್ತದೆ.