ಮೇಲ್ಮಹಡಿಗೆ ಎಡೆಯೆಲ್ಲಿ?

ಡೊಂಬಿವಲಿ ನಿಲ್ದಾಣದಲ್ಲಿ ಬೆಳಗಿನ ಲೋಕಲ್‌ಗಾಗಿ ಕಾದವರ ಮನದಲ್ಲಿ ಒಮ್ಮೆಯಾದರೂ ಏಳುವ ಪ್ರಶ್ನೆಯಿದು: ಮುಂಬಯಿಯ ಬಸ್ಸಿಗೆ ಮೇಲ್ಮಹಡಿ ಇರಬಹುದಾದರೆ ಲೋಕಲ್ ರೈಲಿಗೇಕೆ ಇರಬಾರದು? ಉತ್ತರವನ್ನು ನಾವು ಹಳಿಯ ಚರಿತ್ರೆಯಲ್ಲಿಯೇ ಹುಡುಕಬೇಕು.

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ ಬಂದ ರೈಲು ಮರುವರ್ಷ ಕಲ್ಯಾಣವನ್ನು ಮುಟ್ಟಿತು. ಹಳಿಗಳ ನಡುವಣ ಅಂತರ 1676 ಮಿ.ಮೀ.; ಇಂಗ್ಲೆಂಡಿನಲ್ಲಿ ಇದು 1435 ಮಿ.ಮೀ. ಆದರೆ ಗಾಡಿಯ ಗಾತ್ರವನ್ನು ಹಳಿಯ ಅಗಲವೊಂದೇ ನಿರ್ಧರಿಸದು. ಸುರಂಗ, ಸೇತುವೆ, ಪ್ಲಾಟ್‌ಫಾರ್ಮಿನ ಅಂಚು, ಪಕ್ಕದ ಹಳಿ ಇವುಗಳ ನಡುವೆ ಎಲ್ಲಿಯೂ ತಾಗದೆ ಸಾಗಲು ಗಾಡಿಗೊಂದು ಕಾಣದ ಚೌಕಟ್ಟಿದೆ. ರೈಲ್ವೆಯ ಭಾಷೆಯಲ್ಲಿ ಅದು ಲೋಡಿಂಗ್ ಗೇಜ್. ಥಾಣೆಯಾಚೆಯ ಪಾರ್ಸಿಕ್ ಸುರಂಗ 1916ರದು. ಮುಂಬಯಿಯಲ್ಲಿ ವಿದ್ಯುತ್ ರೈಲು ಓಡಿದ್ದು 1925ರಲ್ಲಿ. ತಲೆಯ ಮೇಲಿನ ತಂತಿಯೂ ಹೀಗೆ ಆ ಚೌಕಟ್ಟಿಗೆ ಸೇರಿತು.

ಮಹಡಿ ಗಾಡಿ ನಮಗೆ ಹೊಸತಲ್ಲ. 1979ರಲ್ಲಿ ಮುಂಬಯಿ-ಸೂರತ್ ನಡುವಣ ಫ್ಲೈಯಿಂಗ್ ರಾಣಿಗೆ ಅಂಥ ಬೋಗಿಗಳು ಬಂದವು. 2013ರಲ್ಲಿ ಚೆನ್ನೈ-ಬೆಂಗಳೂರು ನಡುವೆ ಹವಾನಿಯಂತ್ರಿತ ಮಹಡಿ ಗಾಡಿ ಓಡಿತು. ಬೋಗಿಯ ಎರಡು ತುದಿಗಳಲ್ಲಿ ಗಾಲಿಗಳಿರುವುದರಿಂದ ಅಲ್ಲಿ ನೆಲವನ್ನು ಇಳಿಸಲಾಗದು. ನಡುಭಾಗದ ನೆಲವನ್ನು ತಗ್ಗಿಸಿ ಕೆಳಗೊಂದು, ಮೇಲೊಂದು ಅಂತಸ್ತನ್ನು ಕೂಡಿಸುತ್ತಾರೆ. ಬಾಗಿಲು ತುದಿಗಳಲ್ಲಿ, ಅಲ್ಲಿಂದ ಕಿರಿದಾದ ಮೆಟ್ಟಿಲು. ದೂರದ ಪಯಣಕ್ಕೆ ಇದು ಒಗ್ಗುತ್ತದೆ. ಲೋಕಲ್ಲಿನ ಕಥೆ ಬೇರೆ. ಅದರ ಬೋಗಿಯ ಅಗಲ 3.66 ಮೀಟರ್; ಆ ಅಗಲ ಸಿಗುವುದು ಪ್ಲಾಟ್‌ಫಾರ್ಮಿನ ಮಟ್ಟದಿಂದ ಮೇಲೆ ಮಾತ್ರ. ನೆಲ ತಗ್ಗಿದರೆ ಕೆಳ ಅಂತಸ್ತು ಕಿರಿದಾಗಲೇಬೇಕು. ನೆಲದಡಿಯ ವಿದ್ಯುತ್ ಯಂತ್ರಗಳಿಗೂ ಬೇರೆ ಜಾಗ ಹುಡುಕಬೇಕು. ಕುಳಿತುಕೊಳ್ಳುವ ಆಸನಗಳು ಹೆಚ್ಚಿಯಾವು. ಆದರೆ ಅರೆ ನಿಮಿಷದ ನಿಲುಗಡೆಯಲ್ಲಿ ಮೇಲಿನವರು ಇಳಿದು ಕೆಳಗಿನವರು ಏರುವುದು ಹೇಗೆ? ಪ್ಯಾರಿಸ್ಸಿನಲ್ಲಿ ಪ್ರತಿ ಬದಿಗೆ ಮೂರು ಅಗಲ ಬಾಗಿಲುಗಳಿರುವ ಮಹಡಿ ಲೋಕಲ್‌ಗಳಿವೆ ಎಂಬುದು ನಿಜ. ನಮ್ಮಲ್ಲಿ ಒಂದು ನಿಲ್ದಾಣದ ವಿಳಂಬ ಹಿಂದಿನ ಗಾಡಿಗಳನ್ನೆಲ್ಲ ತಡೆಯುತ್ತದೆ.

ಆದುದರಿಂದ ಬೆಳವಣಿಗೆ ಉದ್ದಕ್ಕೂ ಅಡ್ಡಕ್ಕೂ ನಡೆಯಿತು. 2004ರಲ್ಲಿ ಥಾಣೆ-ವಾಶಿ ಮಾರ್ಗ ನವಿ ಮುಂಬಯಿಗೆ ಹತ್ತಿರದ ದಾರಿ ತೆರೆಯಿತು. 15 ಬೋಗಿಗಳ ಲೋಕಲ್‌ಗಳು ಬಂದವು. 2022ರಲ್ಲಿ ಥಾಣೆ-ದಿವಾ ನಡುವೆ ಐದನೆಯ, ಆರನೆಯ ಹಳಿಗಳು ತೆರೆದವು.

ಆದರೂ 2025ರ ಜೂನ್ 9ರಂದು ಮುಂಬ್ರಾದ ಬಳಿ, ಎದುರುಬದುರಾದ ಎರಡು ಲೋಕಲ್‌ಗಳ ಬಾಗಿಲುಗಳಲ್ಲಿ ಜೋತುಬಿದ್ದಿದ್ದವರು ಹಳಿಗೆ ಬಿದ್ದರು. ಕನಿಷ್ಠ ನಾಲ್ವರು ಅಸುನೀಗಿದರು. ಲೋಡಿಂಗ್ ಗೇಜ್ ಬೋಗಿಯನ್ನು ಅಳೆಯುತ್ತದೆ. ಬಾಗಿಲಾಚೆ ನೇತಾಡುವವನ ಬೆನ್ನಚೀಲ ಆ ಲೆಕ್ಕದಲ್ಲಿಲ್ಲ. ಮೇಲ್ಮಹಡಿಯ ಕನಸಿಗಿಂತ ಮೊದಲು, ಎಲ್ಲರೂ ಬಾಗಿಲೊಳಗೆ ನಿಲ್ಲುವಷ್ಟು ಗಾಡಿಗಳನ್ನು ನಾವು ಕೇಳಬೇಕಾಗಿದೆ.