ಕುರುಡು ನೊಣದ ಕಥೆ

ಗುಂಡ್ಯದ ಮಳೆಗಾಲದಲ್ಲಿ ಕೊಳೆತ ಹಲಸಿಗೆ ಮುತ್ತುವ ಹಣ್ಣುನೊಣವನ್ನು ನಾವೆಲ್ಲ ಕೈಬೀಸಿ ಓಡಿಸಿದವರೇ. ಪ್ರಿಯ ವಿದ್ಯಾರ್ಥಿಗಳೇ, ತರಗತಿಯಲ್ಲಿ ಅದರ ಬಗ್ಗೆ ನಾನು ಒಂದು ಮಾತೂ ಹೇಳಿರಲಿಲ್ಲ.

ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿಲಿಯಂ ಪಾಕ್ 1970ರ ಸುಮಾರಿಗೆ ಬೆಳಕಿಗೆ ಸ್ಪಂದಿಸದ ನೊಣಗಳನ್ನು ಆಯ್ದು ತೆಗೆದರು. ಕಣ್ಣಿದ್ದೂ ಅವು ಕುರುಡೇಕೆ? ಉತ್ತರ ದೊರೆತದ್ದು 1988ರಲ್ಲಿ: ಫಾಸ್ಫೋಲಿಪೇಸ್ ಸಿ ಎಂಬ ಕಿಣ್ವದ ಜೀನ್ ಕೆಟ್ಟಿತ್ತು. ಜೀವಕೋಶದ ಪೊರೆಯಲ್ಲಿರುವ ಒಂದು ಕೊಬ್ಬಿನ ಅಣುವನ್ನು ಈ ಕಿಣ್ವ ಸೀಳಿದರಷ್ಟೇ ಬೆಳಕಿನ ಸುದ್ದಿ ಮುಂದಕ್ಕೆ ಸಾಗುತ್ತದೆ. ಇಲ್ಲವಾದರೆ ಟಪಾಲು ಅಂಚೆಪೆಟ್ಟಿಗೆಯಲ್ಲೇ ಉಳಿದಂತೆ. ಸೀಳಿದ ಅಣು ಪುನಃ ಹೇಗೆ ರೂಪುಗೊಳ್ಳುತ್ತದೆ ಎಂಬುದನ್ನು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ರಘು ಪಡಿಂಜಾಟ್ ಅವರ ತಂಡ ಇದೇ ನೊಣದ ಕಣ್ಣಿನಲ್ಲಿ ಅಭ್ಯಸಿಸಿದೆ.

ಇದೇ ಕುಟುಂಬದ ಇನ್ನೊಂದು ಜೀನ್ ಕೆಟ್ಟರೆ ಎಳೆಯ ಮಕ್ಕಳ ಮೂತ್ರಪಿಂಡದಿಂದ ಪ್ರೋಟೀನು ಸೋರುತ್ತದೆಂದು 2006ರಲ್ಲಿ ತಿಳಿಯಿತು. ಆಗ ಪರೀಕ್ಷಿಸಿದ ಮಕ್ಕಳಲ್ಲಿ ಇಬ್ಬರು ಔಷಧಕ್ಕೆ ಸ್ಪಂದಿಸಿದರು.