ನಿದ್ರೆಯೊಳಗಿನ ಎಚ್ಚರ: ಸಿದ್ಧಾಂತಗ್ರಂಥಗಳ ದೃಷ್ಟಿಯಿಂದ ಒಂದು ವಿವೇಚನೆ

ತಾನು ಕಾಣುತ್ತಿರುವುದು ಸ್ವಪ್ನವೆಂಬ ಅರಿವು ಕೆಲವರಿಗೆ ಸ್ವಪ್ನಕಾಲದಲ್ಲಿಯೇ ಉಂಟಾಗುವುದುಂಟು. ಡಚ್ ವೈದ್ಯನೂ ಲೇಖಕನೂ ಆಗಿದ್ದ ಫ್ರೆಡರಿಕ್ ವಾನ್ ಈಡನ್ ಎಂಬಾತನು 1913ರಲ್ಲಿ ಇದನ್ನು 'ಲ್ಯೂಸಿಡ್ ಡ್ರೀಮ್' ಎಂದು ಕರೆದನು. ನಾವು ಇದನ್ನು ಜಾಗೃತಸ್ವಪ್ನವೆನ್ನಬಹುದು. 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್, ಅನಂತರ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಸ್ಟೀಫನ್ ಲಬರ್ಜ್ ಇದನ್ನು ಪ್ರಯೋಗದಿಂದ ತೋರಿಸಿದರು. ಮಲಗಿದ್ದವನು ಮೊದಲೇ ಗೊತ್ತುಮಾಡಿಕೊಂಡಿದ್ದ ರೀತಿಯಲ್ಲಿ ಕಣ್ಣುಗಳನ್ನು ಹೊರಳಿಸಿ, ಸ್ವಪ್ನದ ಒಳಗಿನಿಂದಲೇ ಸಂಜ್ಞೆ ಕೊಟ್ಟನು. ಈ ಅರಿವನ್ನು ಅಭ್ಯಾಸದಿಂದ ಪಡೆಯಲು ಸಾಧ್ಯವೆಂಬುದು ಅವರ ಮತ. ಇಂತಹ ಅಭ್ಯಾಸಕ್ಕೆ ನಮ್ಮ ಆಗಮಗಳಲ್ಲಿ ಆಧಾರವುಂಟೇ ಎಂಬ ಪ್ರಶ್ನೆ ಸಹಜವಾದುದು. ಉತ್ಸಾಹದಿಂದ ಒಮ್ಮೆಲೇ 'ಉಂಟು' ಎನ್ನುವ ಮೊದಲು ಗ್ರಂಥಗಳ ಶಬ್ದಗಳನ್ನು ಪರಿಶೀಲಿಸುವುದು ಯುಕ್ತ.

ಮೂಡುಬಿದಿರೆಯ ಸಿದ್ಧಾಂತಬಸದಿಯ ತಾಡಪತ್ರಗಳಿಂದ ಲೋಕಕ್ಕೆ ದೊರೆತ ಧವಲಾಟೀಕೆಯೇ ಈ ವಿಚಾರಕ್ಕೆ ಮುಖ್ಯ ಆಕರ. ಪುಷ್ಪದಂತ-ಭೂತಬಲಿಗಳ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ರಚಿಸಿದ ಈ ಟೀಕೆ ಕ್ರಿ.ಶ. 816ರಲ್ಲಿ ಮುಗಿಯಿತೆಂದು ವಿದ್ವಾಂಸರು ಎಣಿಸಿರುವರು. ಹಳಗನ್ನಡ ಲಿಪಿಯ ಆ ಗರಿಗಳಲ್ಲಿ ಶತಮಾನಗಳ ಕಾಲ ಉಳಿದು ಬಂದ ಈ ಗ್ರಂಥದ ಮೊದಲ ಮುದ್ರಿತ ಸಂಪುಟವು ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಹೊರಬಂದಿತು.

ಜೀವಸ್ಥಾನದ ಚೂಲಿಕೆಯಲ್ಲಿ ದರ್ಶನಾವರಣೀಯ ಕರ್ಮದ ಒಂಬತ್ತು ಪ್ರಕೃತಿಗಳನ್ನು ಹೇಳಿದೆ. ಅವುಗಳಲ್ಲಿ ಐದು ನಿದ್ರೆಗೆ ಸಂಬಂಧಿಸಿದವು. ಇವುಗಳ ಕ್ರಮವು ಗಮನಾರ್ಹವಾಗಿದೆ. ತತ್ತ್ವಾರ್ಥಸೂತ್ರದಲ್ಲಿ ನಿದ್ರಾ, ನಿದ್ರಾನಿದ್ರಾ, ಪ್ರಚಲಾ, ಪ್ರಚಲಾಪ್ರಚಲಾ, ಸ್ತ್ಯಾನಗೃದ್ಧಿ ಎಂದು ಲಘುವಿನಿಂದ ಗುರುವಿಗೆ ಹೋಗುವ ಕ್ರಮವಿದ್ದರೆ, ಷಟ್ಖಂಡಾಗಮದಲ್ಲಿ ನಿದ್ರಾನಿದ್ರಾ, ಪ್ರಚಲಾಪ್ರಚಲಾ, ಸ್ತ್ಯಾನಗೃದ್ಧಿಗಳನ್ನು ಮೊದಲು ಹೇಳಿ, ನಿದ್ರಾ-ಪ್ರಚಲೆಗಳನ್ನು ಅನಂತರ ಹೇಳಿದೆ. ಇದು ಲಿಪಿಕಾರನ ವ್ಯತ್ಯಾಸವಲ್ಲ. ಮೊದಲ ಮೂರರ ಬಂಧವು ಸಾಸಾದನದವರೆಗೆ, ಉದಯವು ಪ್ರಮತ್ತಸಂಯತದವರೆಗೆ ಮಾತ್ರ. ಕೊನೆಯ ಎರಡರ ಬಂಧವು ಅಪೂರ್ವಕರಣದ ಪ್ರಥಮ ಭಾಗದವರೆಗೂ ಉದಯವು ಕ್ಷೀಣಕಷಾಯದ ದ್ವಿಚರಮ ಸಮಯದವರೆಗೂ ಇರುತ್ತದೆ. ಒಟ್ಟಿಗೆ ನೀಗುವವುಗಳನ್ನು ಒಟ್ಟಿಗೆ ಹೇಳಿದ್ದಾರೆಂದು ಊಹಿಸುವುದು ಸಮಂಜಸ.

ವೀರಸೇನರು ಈ ಐದರ ಲಕ್ಷಣಗಳನ್ನು ನಿತ್ಯಜೀವನದಿಂದ ಆಯ್ದು ಕೊಡುತ್ತಾರೆ. ಸ್ತ್ಯಾನಗೃದ್ಧಿಯ ತೀವ್ರೋದಯದಲ್ಲಿರುವವನು ಎಬ್ಬಿಸಿದರೂ ಮತ್ತೆ ಮಲಗುತ್ತಾನೆ, ನಿದ್ರೆಯಲ್ಲಿಯೇ ಕೆಲಸ ಮಾಡುತ್ತಾನೆ, ಬಡಬಡಿಸುತ್ತಾನೆ, ಹಲ್ಲು ಕಡಿಯುತ್ತಾನೆ. ನಿದ್ರಾನಿದ್ರೆಯುಳ್ಳವನು ಮರದ ತುದಿಯಾಗಲಿ ತಗ್ಗುದಿಣ್ಣೆಯ ನೆಲವಾಗಲಿ ಎಲ್ಲೆಂದರಲ್ಲಿ ಗಾಢವಾಗಿ ಮಲಗುತ್ತಾನೆ. ಕೇವಲ ನಿದ್ರೆಯುಳ್ಳವನಾದರೋ ಅಲ್ಪಶಬ್ದಕ್ಕೂ ಎಚ್ಚರಗೊಳ್ಳುತ್ತಾನೆ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರದ ಕರ್ಮಕಾಂಡವು ಪ್ರಚಲೆಯ ವಿಷಯದಲ್ಲಿ ಇನ್ನೂ ಸೂಕ್ಷ್ಮವಾದ ಮಾತನ್ನು ಹೇಳುತ್ತದೆ. ಪ್ರಚಲೆಯ ಉದಯದಲ್ಲಿ ಜೀವನು ಕಣ್ಣನ್ನು ಸ್ವಲ್ಪ ತೆರೆದು ಮಲಗುತ್ತಾನೆ ಮತ್ತು ಮಲಗಿದ್ದರೂ ಸ್ವಲ್ಪಸ್ವಲ್ಪ ಅರಿಯುತ್ತಿರುತ್ತಾನೆ.

ನಿದ್ರಿಸುತ್ತಿದ್ದರೂ ಅರಿಯುತ್ತಾನೆಂಬ ಈ ಮಾತೇ ಜಾಗೃತಸ್ವಪ್ನಕ್ಕೆ ಪ್ರಮಾಣವೆಂದು ಹೇಳಲು ಮನಸ್ಸಾಗುತ್ತದೆ. ಆದರೆ ಗ್ರಂಥವು ಅಷ್ಟು ದೂರ ನಮ್ಮನ್ನು ಕೊಂಡೊಯ್ಯುವುದಿಲ್ಲ. ಐದು ನಿದ್ರೆಗಳ ಲಕ್ಷಣವನ್ನು ಹೇಳುವ ಅಲ್ಲಿಯ ಗಾಥೆಗಳಲ್ಲಿ ಸ್ವಪ್ನದ ಪ್ರಸ್ತಾಪವೇ ಇಲ್ಲ. ಅಲ್ಲದೆ ಪ್ರಚಲೆಯು ಕರ್ಮೋದಯದ ಫಲವೇ ಹೊರತು ಅಭ್ಯಾಸದಿಂದ ಗಳಿಸಿದ ಸಿದ್ಧಿಯಲ್ಲ. ಇಷ್ಟನ್ನು ಮಾತ್ರ ನಿಶ್ಚಯವಾಗಿ ಹೇಳಬಹುದು: ನಿದ್ರೆ ಮತ್ತು ಎಚ್ಚರಗಳು ಕತ್ತಲೆ-ಬೆಳಕುಗಳಂತೆ ಪೂರ್ಣ ವಿರುದ್ಧವೆಂದು ನಮ್ಮ ಆಚಾರ್ಯರು ಭಾವಿಸಲಿಲ್ಲ, ನಿದ್ರೆಯಲ್ಲಿ ಅರಿವಿನ ತರತಮಗಳಿವೆಯೆಂದು ಅವರು ಸ್ಪಷ್ಟವಾಗಿ ಕಂಡಿದ್ದರು.

ಈ ತರತಮದ ಒಂದು ತುದಿಯಲ್ಲಿ ಸ್ತ್ಯಾನಗೃದ್ಧಿಯನ್ನಿಟ್ಟು, ಅದರ ಎದುರಿಗೆ ಜಾಗೃತಸ್ವಪ್ನವನ್ನಿಟ್ಟು ನೋಡಿದರೆ ವಿಷಯ ಸ್ಫುಟವಾಗುತ್ತದೆ. ಮೊದಲನೆಯದರಲ್ಲಿ ದೇಹವು ಕ್ರಿಯೆಯಲ್ಲಿ ತೊಡಗಿರುತ್ತದೆ, ಅರಿವು ಇಲ್ಲ. ಎರಡನೆಯದರಲ್ಲಿ ಅರಿವು ಇದೆ, ದೇಹವು ನಿಶ್ಚೇಷ್ಟವಾಗಿ ಬಿದ್ದಿರುತ್ತದೆ. ಇಂದಿನ ವಿಜ್ಞಾನವೂ ಇವೆರಡನ್ನು ಬೇರೆ ಬೇರೆ ಅವಸ್ಥೆಗಳಲ್ಲಿಯೇ ಇಡುತ್ತದೆ. ನಿದ್ರೆಯಲ್ಲಿ ಎದ್ದು ನಡೆಯುವುದು ಸಾಮಾನ್ಯವಾಗಿ ಗಾಢನಿದ್ರೆಯಲ್ಲಿ. ಜಾಗೃತಸ್ವಪ್ನವು ಹೆಚ್ಚಾಗಿ ಕಣ್ಣಾಲಿಗಳು ಚಲಿಸುವ, ಆದರೆ ಅಂಗಾಂಗಗಳ ಸ್ನಾಯುಗಳು ಸಡಿಲವಾಗಿರುವ ನಿದ್ರೆಯಲ್ಲಿ.

ಇನ್ನು ಅಭ್ಯಾಸದ ಮಾತು. ಎದ್ದೊಡನೆ ಸ್ವಪ್ನಗಳನ್ನು ಬರೆದಿಡುವುದು, ಹಗಲಿನಲ್ಲಿ ಆಗಾಗ 'ಇದು ಸ್ವಪ್ನವೋ ಎಚ್ಚರವೋ' ಎಂದು ಪರೀಕ್ಷಿಸಿಕೊಳ್ಳುವುದು, ಬೆಳಗಿನ ಜಾವದಲ್ಲಿ ಎದ್ದು, 'ಸ್ವಪ್ನವನ್ನು ಸ್ವಪ್ನವೆಂದೇ ಅರಿಯುವೆನು' ಎಂದು ಸಂಕಲ್ಪಿಸಿ ಮತ್ತೆ ಮಲಗುವುದು, ಇವು ಆಧುನಿಕರು ಹೇಳುವ ಉಪಾಯಗಳು. ಪದೇ ಪದೇ ನಿದ್ರೆಯನ್ನು ಮುರಿದರೆ ಆರೋಗ್ಯಕ್ಕೆ ಹಾನಿಯೆಂಬುದನ್ನೂ ಮರೆಯಬಾರದು. ಹಗಲಿನ ಅವಧಾನವು ರಾತ್ರಿಗೂ ಹರಿಯುತ್ತದೆಂಬುದು ಇವುಗಳ ಮೂಲತತ್ತ್ವ. ನಮ್ಮ ಮುನಿಗಳ ಮೂಲಗುಣಗಳಲ್ಲಿ ಒಂದಾದ ಕ್ಷಿತಿಶಯನವೂ ಅವರ ಅಲ್ಪನಿದ್ರೆಯೂ ಹೊರನೋಟಕ್ಕೆ ಇದನ್ನು ಹೋಲಬಹುದು. ಆದರೆ ಅವುಗಳ ಉದ್ದೇಶ ಸಂಯಮವೂ ಪ್ರಮಾದನಿವಾರಣೆಯೂ ಆಗಿದೆ, ಸ್ವಪ್ನವಿಹಾರವಲ್ಲ. ಹದಿನೈದು ಪ್ರಮಾದಗಳಲ್ಲಿ ನಿದ್ರೆಯೂ ಒಂದೆಂಬುದು ಪ್ರಸಿದ್ಧವೇ ಆಗಿದೆ.

ಇಲ್ಲಿಯೇ ಮುಖ್ಯ ಭೇದವಿರುವುದು. ಸಿದ್ಧಾಂತವು ನಿದ್ರೆಯನ್ನು ದರ್ಶನಾವರಣದಲ್ಲಿ ಇಟ್ಟಿದೆ, ಮೋಹನೀಯದಲ್ಲಿ ಅಲ್ಲ. ಮೋಹವು ಪೂರ್ಣವಾಗಿ ಕ್ಷಯಿಸಿದ ಹನ್ನೆರಡನೆಯ ಗುಣಸ್ಥಾನದಲ್ಲಿಯೂ ನಿದ್ರಾ-ಪ್ರಚಲೆಗಳ ಉದಯವನ್ನು ಹೇಳಿರುವುದೇ ಇದಕ್ಕೆ ಸಾಕ್ಷಿ. ಇದರಿಂದ ಎರಡೂ ದಿಕ್ಕಿನ ತೀರ್ಮಾನ ದೊರೆಯುತ್ತದೆ. ನಿದ್ರೆಯ ಆವರಣ ಉಳಿದಿದ್ದರೂ ಮೋಹ ಹೋಗಿರಬಹುದು. ಆವರಣ ತುಸು ಸರಿದು ಸ್ವಪ್ನವು ಸ್ವಪ್ನವೆಂದು ತಿಳಿದರೂ ಮೋಹ ಹಾಗೆಯೇ ಉಳಿದಿರಬಹುದು. ಸ್ವಪ್ನವೆಂದು ಬಲ್ಲವನು ಅಲ್ಲಿಯ ಭೋಗವನ್ನು ಇನ್ನಷ್ಟು ಆಸಕ್ತಿಯಿಂದ ಅರಸಿದರೆ, ಅವನ ತಿಳಿವು ಕಷಾಯಕ್ಕೆ ದೀಪ ಹಿಡಿದಂತಾಯಿತೇ ವಿನಾ ಬೇರೆಯಲ್ಲ.

ಪೂಜ್ಯಪಾದರ ಸಮಾಧಿತಂತ್ರವು ಸ್ವಪ್ನವನ್ನು ಬೇರೊಂದು ಪ್ರಯೋಜನಕ್ಕೆ ಬಳಸುತ್ತದೆ. ಸ್ವಪ್ನದಲ್ಲಿ ದೇಹವು ನಾಶವಾದುದನ್ನು ಕಂಡರೂ ಆತ್ಮಕ್ಕೆ ನಾಶವಿಲ್ಲ. ಎಚ್ಚರದಲ್ಲಿ ಕಾಣುವ ದೇಹನಾಶವೂ ಹಾಗೆಯೇ ಎಂದು ಅಲ್ಲಿ ಬೋಧಿಸಿದೆ. ಸ್ವಪ್ನದಲ್ಲಿ ಎಚ್ಚರುವುದಕ್ಕಿಂತ, ಎಚ್ಚರವೆಂದು ನಾವು ತಿಳಿದಿರುವ ಸ್ಥಿತಿಯಲ್ಲಿ ಎಚ್ಚರುವುದೇ ಅಲ್ಲಿಯ ಗುರಿ. ಮೂಲಾಚಾರವು ಈರ್ಯೆ, ಗೋಚರಗಳ ಜೊತೆಗೆ ಸ್ವಪ್ನವನ್ನೂ ಪ್ರತಿಕ್ರಮಣದ ಸಂದರ್ಭಗಳಲ್ಲಿ ಎಣಿಸಿ, ಆದಿ ಮತ್ತು ಅಂತ್ಯ ತೀರ್ಥಂಕರರ ಶಿಷ್ಯರಿಗೆ ದೋಷ ನಡೆದಿರಲಿ ಇಲ್ಲದಿರಲಿ ಅದು ನಿಯತವೆನ್ನುತ್ತದೆ. ಸ್ವಪ್ನದಲ್ಲಿ ನಡೆದುದು ತನ್ನದಲ್ಲವೆಂದು ಸಾಧಕನು ಕೈತೊಳೆದುಕೊಳ್ಳುವಂತಿಲ್ಲ.

ಆದುದರಿಂದ ಜಾಗೃತಸ್ವಪ್ನದ ವಿಧಾನ ನಮ್ಮ ಗರಿಗಳಲ್ಲಿದೆಯೆಂದು ಹೇಳುವುದು ಸತ್ಯಕ್ಕೆ ದೂರ. ನಿದ್ರೆಯಲ್ಲಿ ಅರಿವಿನ ಮೆಟ್ಟಿಲುಗಳನ್ನು ಗುರುತಿಸಿ, ಅರಿವನ್ನೂ ವೀತರಾಗತೆಯನ್ನೂ ಬೇರ್ಪಡಿಸಿ ತೋರಿದ ವಿವೇಕ ಮಾತ್ರ ಅಲ್ಲಿದೆ. ಇಲ್ಲದುದನ್ನು ಆರೋಪಿಸದೆ ಇರುವುದನ್ನು ಇರುವಂತೆ ಓದುವುದೇ ಈ ಗ್ರಂಥಗಳನ್ನು ಕಾಪಾಡಿದವರಿಗೆ ನಾವು ಸಲ್ಲಿಸಬಹುದಾದ ಗೌರವ.